ಎರಡಂಗುಲ ನೀರು

ಗೋಣಿಕೊಪ್ಪದ ಬೈಪಾಸಿನಲ್ಲಿ ದೇಚವ್ವನ ಊಟದ ಮೆಸ್ಸು.
ಕೈಲ್‌ಪೊಳ್ದ್ ಮುಗಿದ ನಾಲ್ಕನೇ ದಿನ ಫೋನು:
‘ಮೂಸಾ, ಇಲಿ ಸತ್ತಿದೆ. ಎಲ್ಲಿ ಅಂತ ಗೊತ್ತಿಲ್ಲ.’
ಇಲಿ ಹುಡುಕುವುದು ನನ್ನ ಕಸುಬಲ್ಲ,
ಆದರೂ ಹೋದೆ. ಹೆಸರಿಗೆ ತಕ್ಕ ಮೂಗು,
ಇಪ್ಪತ್ತೆರಡು ವರ್ಷದಿಂದ ಅದರದೇ ಅನ್ನ.

ಒಳಗೆ ಕಾಲಿಟ್ಟಾಗ ಏನೂ ಇಲ್ಲ.
ಹುರಿದ ಮೆಣಸು, ಕಾಚಂಪುಳಿಯ ಹುಳಿ,
ಕಡುಂಬುಟ್ಟಿನ ಹಬೆ.
‘ಈಗ ಇರೋದಿಲ್ಲ,’ ಎಂದಳು ದೇಚವ್ವ,
‘ಈ ಬೊಳ್ಳಿ ಪಾತ್ರೆ ತೊಳೆದ ಮೇಲೆ ನೋಡು.’
ಆಮೇಲೆ, ದನಿ ತಗ್ಗಿಸದೆ:
‘ಲೈನ್ ಮನೆಯವರು. ಎಷ್ಟು ಹೇಳಿದರೂ ತೊಳೆಯೋದು ಅಷ್ಟೇ.’

ಬೊಳ್ಳಿ, ಕೇಳಿಸದವಳ ಹಾಗೆ,
ಹಂಡೆಯ ತಳ ಉಜ್ಜುತ್ತಲೇ ಇದ್ದಳು.
ಆ ತಳದಲ್ಲಿ ನನ್ನ ಮುಖ ಕಾಣುತ್ತಿತ್ತು.

ಸಿಂಕಿನ ಕೆಳಗೆ ಮಲಗಿದೆ, ಬಾಯಲ್ಲಿ ಟಾರ್ಚು.
ಲೋಕವನ್ನು ನೋಡಲು ಅದೂ ಒಂದು ಜಾಗ:
ಜೇಡರ ಬಲೆ, ಬಳೆಯ ಚೂರು, ಯಾವ ಕಾಲದ್ದೋ ನಾಲ್ಕಾಣೆ.
ಬಾಯಿಗೆ ತಾಗದ ಪಂದಿ ಕೊಬ್ಬು
ನನ್ನ ಬೆರಳಿಗೆ ಎಷ್ಟೋ ವರ್ಷದ ಪರಿಚಯ.

ಸುಕ್ಕುಸುಕ್ಕಿನ ಬಿಳಿ ಪೈಪು
ಇಳಿದು, ಒಮ್ಮೆ ಏರಿ, ಮತ್ತೆ ನೆಟ್ಟಗೆ ಇಳಿದು
ನೆಲದ ತೂತಿಗೆ ತಲೆ ತೂರಿಸಿದೆ,
ಬಿಲ ಸೇರುವ ಆತುರದ ಹಾವು.
ಏರಿದಲ್ಲಿ ಸೆಣಬಿನ ದಾರದ ಕಟ್ಟು.
ಯಾರೋ ನನ್ನಂಥವನೇ, ಸಂಜೆಯ ಗಡಿಬಿಡಿಯಲ್ಲಿ
ಕಾಸು ಎಣಿಸಿಕೊಂಡು ಹೋದವನು.

ನೋಡವ್ವ, ಪೈಪಿಗೆ ಬಾಗು ಯಾಕೆ?
ಅಲ್ಲಿ ಎರಡಂಗುಲ ನೀರು ಕೂತಿರಬೇಕು.
ಚಿಲಕವಿಲ್ಲ, ಅಗುಳಿಯಿಲ್ಲ, ಬಾಗಿಲು ಅಂದರೆ ಅದೇ.
ಚರಂಡಿ ಆ ಕಡೆ, ನಿನ್ನ ಒಗ್ಗರಣೆ ಈ ಕಡೆ.
ಏರಿದ ಪೈಪು ಗೋಡೆಗೆ ಅಡ್ಡ ಹೋಗಬೇಕು,
ಗದ್ದೆಯ ನೀರು ಬದು ದಾಟುವ ಹಾಗೆ, ನಿಧಾನ;
ಗೋಡೆಯಾಚೆ ಉಸಿರಿಗೊಂದು ಕೊಳವೆ, ಸೂರಿಗಿಂತ ಎತ್ತರ.
ಇದು ಹಾಗಲ್ಲ, ಧುಮುಕುತ್ತದೆ.
ಧುಮುಕುವ ನೀರು ಒಂಟಿಯಾಗಿ ಹೋಗುವುದಿಲ್ಲ,
ಕಾವಲು ಕೂತ ನೀರನ್ನೂ ಕೈಹಿಡಿದು ಎಳೆದೊಯ್ಯುತ್ತದೆ.

‘ನಂಬಿಕೆ ಇಲ್ಲವಾ? ಒಂದು ಲೋಟ ಚೆಲ್ಲು.’
ಚೆಲ್ಲಿದಳು. ಸುಮ್ಮನೆ ಇಳಿಯಿತು.
‘ಬೊಳ್ಳೀ, ನೀನು ದಿನಾ ತೊಳೆಯೋ ಹಾಗೆ ತೊಳಿ.’
ಅವಳು ಸಿಂಕು ತುಂಬಿಸಿದಳು, ಕಂಠಮಟ್ಟ.
ಪಾತ್ರೆ ಮುಳುಗಿಸಿ, ಉಜ್ಜಿ, ಎತ್ತಿ,
ಬೂಚು ಕಿತ್ತಳು.
ನೀರು ಸುತ್ತಿತು, ಓಡಿತು, ಕೊನೆಗೆ
ಗೊರ್ ಗೊರ್ ಗೊಳಕ್
ತಟ್ಟೆಯ ಸಾರು ಸೊರ್ರನೆ ಹೀರಿದವನ ಸದ್ದು.
ಆಮೇಲೆ ಮೌನ.
ಆಮೇಲೆ ಅದು ಬಂತು, ನೆಲದೊಳಗಿಂದ,
ಯಾರ ಅಪ್ಪಣೆಯೂ ಕೇಳದೆ.

ದೇಚವ್ವ ತಲೆವಸ್ತ್ರದ ತುದಿ ಮೂಗಿಗೆ ಒತ್ತಿದಳು.
ನಾನು ಮಲಗಿದಲ್ಲಿಂದಲೇ ಹೇಳಿದೆ:
ಎರಡು ಲೋಟ ನೀರಲ್ಲಿ ಮುಗಿಸುವವರ ಮನೆಯಲ್ಲಿ
ಈ ತಪ್ಪು ವರ್ಷಗಟ್ಟಲೆ ಬೆಳಕಿಗೆ ಬಾರದು.
ಜಿಡ್ಡು ಬಿಡುವ ತನಕ, ಸಿಂಕು ತುಂಬ ನೀರು ಹಿಡಿದು
ತೊಳೆಯುವವರಿದ್ದರೆ ಆ ಹೊತ್ತಿಗೇ ನಾತ.

ಅದಕ್ಕೆ ಯಾರೂ ಮಾತಾಡಲಿಲ್ಲ.
ಕುಟ್ಟದ ಬಸ್ಸು ಹಾರ್ನ್ ಹೊಡೆದು ಹೋಯಿತು.
ಬೊಳ್ಳಿ ಬೂಚನ್ನು ಅಂಗೈಯಲ್ಲಿ ಹಿಡಿದು
ಸಿಂಕಿನ ಬಾಯನ್ನೇ ನೋಡುತ್ತಿದ್ದಳು.
ಎಷ್ಟು ಸೋಪು, ಎಷ್ಟು ಬೂದಿ,
ತನ್ನ ಕೈ ತಾನೇ ಮೂಸಿ ಮಲಗಿದ ಎಷ್ಟು ರಾತ್ರಿ.
(ಇದು ನನ್ನ ಊಹೆ. ಗೋಡೆಯೊಳಗಿನದನ್ನು ಊಹಿಸದೆ
ನಮ್ಮ ಕೆಲಸ ನಡೆಯುವುದಿಲ್ಲ.)

ಗೋಡೆ ಕೊರೆದು ಹೊಸ ಬೆಂಡು ಕೂರಿಸುವಾಗ ಸಂಜೆ.
ಸಿಂಕು ತುಂಬಿಸಿ ಬಿಟ್ಟೆವು. ನೀರು ಗೊಣಗದೆ ಹೋಯಿತು.
ಟಾರ್ಚು ಹಿಡಿದರೆ ತೂತಿನ ಆಳದಲ್ಲಿ
ಕಣ್ಣಿನಷ್ಟಗಲ ಹೊಳಪು, ಅಲ್ಲಾಡದೆ ಕೂತಿದೆ.

ದೇಚವ್ವ ಬೆಲ್ಲದ ಕಾಪಿ ತಂದಳು, ಮೂರು ಲೋಟ.
ತಪ್ಪಾಯಿತು ಗಿಪ್ಪಾಯಿತು ಏನೂ ಇಲ್ಲ.
ಕುಡಿದ ಮೇಲೆ ಲೋಟ ತೊಳೆಯಲು ತಾನೇ ಕೈ ಚಾಚಿದಳು.
ಬೊಳ್ಳಿ ಕೊಡಲಿಲ್ಲ.
‘ಬಿಡಿ ಅವ್ವ,’ ಎಂದಳು,
‘ನಿಮಗೆ ಸರಿಯಾಗಿ ಬರೋದಿಲ್ಲ.’